ಮೂರು ನಾಣ್ಯದ ಭಾರ: ಬೆಕ್ಕಿಗೆ ಟ್ರ್ಯಾಕರ್ ಮಾಡೋದು ಯಾಕಿಷ್ಟು ಕಷ್ಟ?

ಹತ್ತು ರೂಪಾಯಿಯ ಮೂರು ನಾಣ್ಯ ತೆಗೆದು ಅಂಗೈ ಮೇಲೆ ಇಟ್ಟುಕೊಳ್ಳಿ. ಒಂದೊಂದು ನಾಣ್ಯ ಸುಮಾರು 7.7 ಗ್ರಾಂ. ಮೂರೂ ಸೇರಿ 23 ಗ್ರಾಂ. ಕೈಗೆ ಭಾರ ಅಂತ ಅನಿಸೋದೇ ಇಲ್ಲ, ಅಲ್ವಾ? ಬೆಕ್ಕು ಎಲ್ಲಿದೆ ಅಂತ ಫೋನಿಗೆ ತಿಳಿಸಲೆಂದೇ ಮಾಡಿದ ಹಗುರವಾದ ಜಿಪಿಎಸ್ ಟ್ರ್ಯಾಕರ್‌ಗಳು ಹೆಚ್ಚುಕಡಿಮೆ ಇಷ್ಟೇ ತೂಗುತ್ತವೆ. ಆಸ್ಟ್ರಿಯಾದ ಟ್ರ್ಯಾಕ್ಟಿವ್ ಕಂಪನಿಯ ಬೆಕ್ಕಿನ ಚಿಕ್ಕ ಮಾದರಿ 25 ಗ್ರಾಂ ಇದೆ.

ಆ 25 ಗ್ರಾಂ ಒಳಗೆ ಒಂದು ಸಂಸಾರವೇ ಇದೆ. ಉಪಗ್ರಹದ ಸಿಗ್ನಲ್ ಹಿಡಿಯುವ ಚಿಪ್, ಅದಕ್ಕೊಂದು ಆಂಟೆನಾ. ಮೊಬೈಲ್ ನೆಟ್‌ವರ್ಕ್‌ಗೆ ಮೋಡೆಮ್ ಮತ್ತು ಸಿಮ್, ಅದಕ್ಕೆ ಇನ್ನೊಂದು ಆಂಟೆನಾ. ಇಷ್ಟಕ್ಕೂ ಕರೆಂಟ್ ಕೊಡುವ ಬ್ಯಾಟರಿ, ಎಲ್ಲವನ್ನೂ ನೀರಿನಿಂದ ಕಾಯುವ ಡಬ್ಬಿ. ನಿಮ್ಮ ಫೋನಿನಲ್ಲಿ ಇರುವುದೂ ಇವೇ. ಆದರೆ ಫೋನನ್ನು ನಾವು ರಾತ್ರಿ ಚಾರ್ಜಿಗೆ ಹಾಕುತ್ತೇವೆ. ಅದನ್ನು ದಿನಕ್ಕೆ ಹತ್ತು ಸಲ ನೆಕ್ಕುವುದಿಲ್ಲ. ಅದನ್ನು ಕೊರಳಿಗೆ ಕಟ್ಟಿಕೊಂಡು ಪಕ್ಕದ ಮನೆಯ ಕಾಂಪೌಂಡ್ ಹಾರುವುದೂ ಇಲ್ಲ.

ನಮ್ಮ ಮನೆಯ ಬೆಕ್ಕಿನ ಹೆಸರು ಕೆಂಚ. ಅವನಿಗೆ ಒಂದು ಸಲ ಟ್ರ್ಯಾಕರ್ ತರಿಸಿದ್ದೆವು. ಯಾವ ಕಂಪನಿ ಅನ್ನೋದು ಬಿಡಿ. ಡಬ್ಬಿಯ ಮೇಲೆ ನಾಯಿ, ಬೆಕ್ಕು ಎರಡರ ಚಿತ್ರವೂ ಇತ್ತು. ಕಟ್ಟಿದ ತಕ್ಷಣ ಕೆಂಚ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದ. ಆಮೇಲೆ ಸೋಫಾ ಕೆಳಗೆ ನುಸುಳಿ ಕೂತವನು ಸಂಜೆವರೆಗೂ ಹೊರಗೆ ಬರಲಿಲ್ಲ. ಆ್ಯಪ್ ತೆಗೆದು ನೋಡಿದರೆ ಅವನು ಹಿಂದಿನ ರಸ್ತೆಯ ಬೇಕರಿಯಲ್ಲಿದ್ದ!

ಆ ದಿನ ಒಂದೇ ಸಾಧನ ಎರಡು ಕಡೆ ಸೋತಿತ್ತು. ಬೆಕ್ಕಿಗೂ ಹಿಂಸೆ, ನಮಗೂ ಸುಳ್ಳು ಸುದ್ದಿ. ಇವು ಎರಡು ಬೇರೆ ಬೇರೆ ತೊಂದರೆ ಅಂದುಕೊಂಡಿದ್ದೆ. ಒಳಗೆ ಏನಿದೆ ಅಂತ ಕೆದಕುತ್ತಾ ಹೋದ ಮೇಲೆ ಗೊತ್ತಾಯಿತು, ಇವೆರಡೂ ಒಂದೇ ಖಾತೆಯ ಜಮಾ ಖರ್ಚು. ಬ್ಯಾಟರಿಗೆ ಒಂದು ಗ್ರಾಂ ಜಾಸ್ತಿ ಕೊಟ್ಟರೆ ಆ ಗ್ರಾಂ ಬೆಕ್ಕಿನ ಕೊರಳ ಲೆಕ್ಕಕ್ಕೆ ಬೀಳುತ್ತದೆ.

ಎಷ್ಟು ಭಾರ ಜಾಸ್ತಿ?

ಕಾಡುಪ್ರಾಣಿಗಳಿಗೆ ರೇಡಿಯೋ ಕಾಲರ್ ಹಾಕುವವರಲ್ಲಿ ಒಂದು ಹಳೆಯ ಲೆಕ್ಕ ಇದೆ. ಸಾಧನ ಪ್ರಾಣಿಯ ಮೈತೂಕದ ಶೇಕಡಾ 5 ಮೀರಬಾರದು. ಹಕ್ಕಿಗಳ ವಿಷಯದಲ್ಲಿ ಅನೇಕರು ಶೇಕಡಾ 3 ಸಾಕು ಅನ್ನುತ್ತಾರೆ. ಕೇಳಲು ಚಿಕ್ಕದು. ಆದರೆ 60 ಕೆಜಿಯ ಮನುಷ್ಯನಿಗೆ ಶೇಕಡಾ 5 ಅಂದರೆ ಮೂರು ಕೆಜಿ. ಮೂರು ಲೀಟರ್ ನೀರನ್ನು ಕೊರಳಿಗೆ ಕಟ್ಟಿಕೊಂಡು ದಿನವಿಡೀ ಓಡಾಡಿ ನೋಡಿ, ಆಗ ತಿಳಿಯುತ್ತದೆ.

ಸಾಕುಬೆಕ್ಕಿನ ಮೇಲೇ ಇದನ್ನು ಪರೀಕ್ಷಿಸಿದವರು ನ್ಯೂಜಿಲೆಂಡಿನ ಡುನೆಡಿನ್ ಊರಿನ ಒಟಾಗೊ ವಿಶ್ವವಿದ್ಯಾಲಯದವರು. ಅವರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಬೆಕ್ಕುಗಳಿಗೆ ಮೈತೂಕದ ಸುಮಾರು ಶೇಕಡಾ 1, 2 ಮತ್ತು 3ರಷ್ಟು ಭಾರದ ಕಾಲರ್‌ಗಳನ್ನು ಹಾಕಿ ನೋಡಿದರು. ಎಲ್ಲಕ್ಕಿಂತ ಭಾರದ ಕಾಲರ್ ಹಾಕಿದಾಗ ಬೆಕ್ಕುಗಳು ಅಡ್ಡಾಡುವ ಜಾಗ ಕಡಿಮೆಯಾಯಿತು. ಶೇಕಡಾ 2 ದಾಟಬೇಡಿ ಅನ್ನೋದು ಅವರ ಸಲಹೆ. ಇದರ ಅರ್ಥ ಸ್ವಲ್ಪ ತಮಾಷೆಯಾಗಿದೆ. ಭಾರದ ಟ್ರ್ಯಾಕರ್ ಕಟ್ಟಿ, "ನೋಡಿ, ನಮ್ಮ ಬೆಕ್ಕು ದೂರ ಹೋಗೋದೇ ಇಲ್ಲ" ಅಂತ ಖುಷಿಪಟ್ಟರೆ, ನಾವು ಅಳೆದದ್ದು ಬೆಕ್ಕನ್ನೋ ಟ್ರ್ಯಾಕರನ್ನೋ?

ನಮ್ಮ ಬೀದಿಯಿಂದ ಮನೆಗೆ ಬಂದ ಬೆಕ್ಕುಗಳು ಸಣ್ಣ ಮೈಕಟ್ಟಿನವು. ಕೆಂಚ ಮೂರು ಕೆಜಿ ಚಿಲ್ಲರೆ ಇದ್ದಾನೆ. ಅವನಿಗೆ ಶೇಕಡಾ 2 ಅಂದರೆ 60 ಗ್ರಾಂ, ಶೇಕಡಾ 1 ಅಂದರೆ 30 ಗ್ರಾಂ. ಇದರಲ್ಲಿ ಪಟ್ಟಿ, ಕ್ಲಿಪ್, ಗೆಜ್ಜೆ, ಫೋನ್ ನಂಬರಿನ ಬಿಲ್ಲೆ ಎಲ್ಲವೂ ಸೇರಬೇಕು. ಡಬ್ಬಿಯ ಮೇಲೆ ಬರೆದಿರುವುದು ಬರೀ ಟ್ರ್ಯಾಕರ್‌ನ ತೂಕ ಅನ್ನೋದನ್ನು ಮರೆಯಬಾರದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ತೂಗಿ.

ತಕ್ಕಡಿಗೆ ಗೊತ್ತಾಗದ ಎರಡು ಸಂಗತಿ ಇವೆ. ಒಂದು, ಹಾರುವಾಗ ಭಾರ ಹೆಚ್ಚುತ್ತದೆ. ಬೆಕ್ಕು ಗೋಡೆಯಿಂದ ಕೆಳಗೆ ಹಾರಿ ನೆಲಕ್ಕೆ ಕಾಲೂರಿದ ಕ್ಷಣದಲ್ಲಿ ಕೊರಳಲ್ಲಿ ತೂಗುವ 30 ಗ್ರಾಂ ಐದು ಪಟ್ಟು ಜಗ್ಗಿತು ಅಂದುಕೊಳ್ಳಿ, ಅದು 150 ಗ್ರಾಂ ಹೊಡೆತ. ಡಬ್ಬಿ ಸಡಿಲವಾಗಿ ಜೋತಾಡುತ್ತಿದ್ದರೆ ಹೊಡೆತ ಇನ್ನೂ ಜಾಸ್ತಿ. ಇನ್ನೊಂದು, ದಪ್ಪ. ಬೆಕ್ಕು ತಟ್ಟೆಗೆ ತಲೆ ಬಗ್ಗಿಸುವಾಗ ಗಂಟಲ ಕೆಳಗಿನ ಡಬ್ಬಿ ಸ್ಟೀಲ್ ತಟ್ಟೆಯ ಅಂಚಿಗೆ ಟಣ್ ಟಣ್ ಅಂತ ಬಡಿಯುತ್ತದೆ. ಎರಡು ದಿನ ಹೀಗಾದರೆ ಕೆಲವು ಬೆಕ್ಕುಗಳು ಊಟದ ತಟ್ಟೆಯ ಹತ್ತಿರ ಬರೋದಕ್ಕೇ ಹಿಂಜರಿಯುತ್ತವೆ. ಹಾಗಾಗಿ 20 ಗ್ರಾಂನ ಉಬ್ಬಿದ ಡಬ್ಬಿಗಿಂತ 28 ಗ್ರಾಂನ ಚಪ್ಪಟೆ, ಕೊರಳಿನ ಬಾಗಿಗೆ ಹೊಂದುವ ಡಬ್ಬಿ ನನಗೆ ವಾಸಿ ಅನಿಸುತ್ತದೆ.

ಕೊರಳಿಗೇ ಯಾಕೆ?

ನಾಯಿಗೆ ಹಾಕುವಂತೆ ಎದೆಗೆ ಹಾರ್ನೆಸ್ ಹಾಕಿ ಬೆನ್ನ ಮೇಲೆ ಇಟ್ಟರಾಯಿತು, ಭಾರ ಹಂಚಿಹೋಗುತ್ತದಲ್ಲ ಅಂತ ಕೇಳಬಹುದು. ಇಲ್ಲಿ ಬೆಕ್ಕಿನ ಮೈಕಟ್ಟು ಅಡ್ಡ ಬರುತ್ತದೆ. ನಮ್ಮ ಕಾಲರ್ ಬೋನ್ ಒಂದು ಕಡೆ ಎದೆಮೂಳೆಗೆ, ಇನ್ನೊಂದು ಕಡೆ ಭುಜಕ್ಕೆ ಗಟ್ಟಿಯಾಗಿ ಕೂಡಿಕೊಂಡಿದೆ. ಬೆಕ್ಕಿನದು ಹಾಗಲ್ಲ. ಅದು ಸಣ್ಣ ಕಡ್ಡಿಯಂತಿದ್ದು ಬೇರೆ ಯಾವ ಮೂಳೆಗೂ ಅಂಟಿಕೊಳ್ಳದೆ ಮಾಂಸದೊಳಗೆ ತೇಲುತ್ತಿರುತ್ತದೆ. ಅದಕ್ಕೇ ತಲೆ ತೂರಿದ ಕಡೆ ಮೈಯೂ ತೂರುತ್ತದೆ. ಕಿಟಕಿ ಸರಳು, ಗೇಟಿನ ಸಂದಿ, ಹೆಂಚಿನ ಸಂದು ಎಲ್ಲ ಅದಕ್ಕೆ ಬಾಗಿಲೇ. ಹಾಗೆ ನುಸುಳುವ ಮೈಗೆ ಪಟ್ಟಿ ಬಿಗಿದರೆ ಭುಜದ ಓಟ ಕಟ್ಟಿಹೋಗುತ್ತದೆ. ಬೆನ್ನ ಮೇಲಿನ ಡಬ್ಬಿ ಸಂದಿಯಲ್ಲಿ ಸಿಕ್ಕಿಕೊಂಡರೆ ಬಿಡಿಸುವವರು ಯಾರೂ ಇರೋದಿಲ್ಲ.

ಹೆಕ್ಕತ್ತಿನದು ಇನ್ನೊಂದು ಕಥೆ. ತಾಯಿಬೆಕ್ಕು ಮರಿಯ ಹೆಕ್ಕತ್ತು ಕಚ್ಚಿ ಎತ್ತಿದರೆ ಮರಿ ತೆಪ್ಪಗೆ ಜೋತುಬೀಳುತ್ತದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು 2008ರಲ್ಲಿ ಬೆಳೆದ ಬೆಕ್ಕುಗಳ ಹೆಕ್ಕತ್ತಿಗೆ ಕ್ಲಿಪ್ ಹಾಕಿ ನೋಡಿದರು. ಬಹಳಷ್ಟು ಬೆಕ್ಕುಗಳು ಆಗಲೂ ಹಾಗೇ ಸುಮ್ಮನಾದವು. ಆ ಜಾಗದಲ್ಲಿ ಚರ್ಮ ಹಿಂಡುವ, ಒತ್ತುವ ಯಾವುದನ್ನೂ ಬೆಕ್ಕು "ಇರಲಿ ಬಿಡು" ಅಂತ ಮರೆತುಬಿಡುವುದಿಲ್ಲ ಅಂತಾಯಿತು.

ಕೊನೆಗೆ ಉಳಿಯುವುದು ಕೊರಳಪಟ್ಟಿಯೇ. ಅದೂ ಸಾಧು ಏನಲ್ಲ. ಸಡಿಲವಾದರೆ ಮೈ ನೆಕ್ಕಿಕೊಳ್ಳುವಾಗ ಕೆಳದವಡೆ ಪಟ್ಟಿಯೊಳಗೆ ಸಿಕ್ಕಿಕೊಳ್ಳುತ್ತದೆ. ಇಲ್ಲವೇ ಕೆರೆದುಕೊಳ್ಳಲು ಹೋಗಿ ಮುಂಗಾಲು ಒಳಗೆ ತೂರಿ ಪಟ್ಟಿ ಕಂಕುಳಿಗೆ ಬಂದು ಕೂರುತ್ತದೆ. ಅಂಥ ಬೆಕ್ಕು ಮನೆಗೆ ಬರುವುದು ತಡವಾದರೆ ಚರ್ಮವೇ ಕೊಯ್ದುಹೋಗಿರುತ್ತದೆ. ಒಹಾಯೊ ಸ್ಟೇಟ್‌ನವರೇ ಮುಂದೆ ನಿಂತು ನಡೆಸಿದ ಇನ್ನೊಂದು ಅಧ್ಯಯನ 2010ರಲ್ಲಿ ಬಂತು. ಅದರಲ್ಲಿ 538 ಸಾಕುಬೆಕ್ಕುಗಳಿಗೆ ಆರು ತಿಂಗಳು ಕಾಲರ್ ಹಾಕಿದ್ದರು. 391 ಬೆಕ್ಕುಗಳು ಕೊನೆವರೆಗೂ ಹಾಕಿಕೊಂಡಿದ್ದವು. ಮಾಲೀಕರು ಊಹಿಸಿದ್ದಕ್ಕಿಂತ ಇದು ಜಾಸ್ತಿ. 18 ಬೆಕ್ಕುಗಳಿಗೆ ಮಾತ್ರ ಬಾಯಿ ಅಥವಾ ಮುಂಗಾಲು ಸಿಕ್ಕಿಕೊಳ್ಳುವಂಥ ಅವಘಡ ಆಗಿತ್ತು. ನೂರಕ್ಕೆ ಮೂರು. ನಮ್ಮ ಬೆಕ್ಕೇ ಆ ಮೂರರಲ್ಲಿ ಒಂದಾದರೆ ಅದು ಕಡಿಮೆ ಅನಿಸುವುದಿಲ್ಲ.

ಪಟ್ಟಿ ಮತ್ತು ಕೊರಳ ನಡುವೆ ಎರಡು ಬೆರಳು ಮಲಗಿಸಿ ತೂರಿಸುವಷ್ಟು ಜಾಗ ಇರಲಿ ಅಂತ ಎಲ್ಲರೂ ಹೇಳುತ್ತಾರೆ. ಯಾರ ಬೆರಳು ಅಂತ ಯಾರೂ ಹೇಳಲ್ಲ! ದೊಡ್ಡವರ ದಪ್ಪ ಬೆರಳಾದರೆ ಒಂದೂವರೆ ಅಂದುಕೊಳ್ಳಿ.

ಬಿಚ್ಚಿಕೊಳ್ಳಲೇಬೇಕಾದ ಕ್ಲಿಪ್

ಇನ್ನು ಈ ಇಡೀ ವಿನ್ಯಾಸದ ಅತಿ ಕಷ್ಟದ ಭಾಗಕ್ಕೆ ಬರೋಣ. ಬೆಕ್ಕು ಮರ ಹತ್ತುತ್ತದೆ, ಬೇಲಿ ನುಗ್ಗುತ್ತದೆ. ಪಟ್ಟಿ ಕೊಂಬೆಗೆ ಸಿಕ್ಕಿ ಬೆಕ್ಕು ನೇತಾಡಿದರೆ ಪಟ್ಟಿಯೇ ನೇಣು. ಅದಕ್ಕೆಂದೇ ಬೆಕ್ಕಿನ ಪಟ್ಟಿಯಲ್ಲಿ ಜಗ್ಗಿದರೆ ತಾನಾಗಿ ಕಳಚುವ ಪ್ಲಾಸ್ಟಿಕ್ ಕ್ಲಿಪ್ ಇರುತ್ತದೆ. ಸ್ಕೂಲ್ ಬ್ಯಾಗಿನ ಕ್ಲಿಪ್ಪಿನಂತೆಯೇ ಕಾಣುತ್ತದೆ, ಆದರೆ ಬದಿಯ ಎರಡು ನಾಲಗೆಗಳು ಮೆತ್ತಗಿರುತ್ತವೆ. ಒಂದು ಮಿತಿಗಿಂತ ಜಾಸ್ತಿ ಜಗ್ಗಿದರೆ ಬಾಗಿ ಹೊರಬರುತ್ತವೆ.

ಈಗ ಇಕ್ಕಟ್ಟು ನೋಡಿ. ಸಾವಿರಾರು ರೂಪಾಯಿಯ ಟ್ರ್ಯಾಕರ್ ಬೆಕ್ಕಿನ ಕೊರಳಲ್ಲೇ ಉಳಿಯಬೇಕು ಅನ್ನೋದು ನಮ್ಮ ಆಸೆ. ಬೇಕಾದಾಗ ಬಿದ್ದುಹೋಗಬೇಕು ಅನ್ನೋದು ಬೆಕ್ಕಿನ ಜೀವದ ಪ್ರಶ್ನೆ. ಬರೀ ಪಟ್ಟಿಗೆ ಮೆತ್ತನೆಯ ಕ್ಲಿಪ್ ಸಾಕು. ಅದಕ್ಕೆ ಟ್ರ್ಯಾಕರ್ ಸೇರಿಸಿದರೆ, ಬೆಕ್ಕು ಹಾರಿದಾಗಲೆಲ್ಲ ಆ ಭಾರದ ಜಗ್ಗಾಟಕ್ಕೇ ಕ್ಲಿಪ್ ಕಳಚಿ ಬೀಳಬಹುದು. "ಮೂರೇ ದಿನಕ್ಕೆ ಬಿದ್ದುಹೋಯಿತು" ಅಂತ ಕೊಂಡವರು ದೂರುತ್ತಾರೆ. ತಯಾರಕರು ಕ್ಲಿಪ್ ಸ್ವಲ್ಪ ಗಟ್ಟಿ ಮಾಡುತ್ತಾರೆ. ಐದು ಕೆಜಿಯ ಬೆಕ್ಕಿಗೆ ಆ ಗಟ್ಟಿ ಕ್ಲಿಪ್ಪೂ ಬಿಚ್ಚಿಕೊಳ್ಳುತ್ತದೆ. ಎರಡೂವರೆ ಕೆಜಿಯ ಬೆಕ್ಕಿಗೆ ಬಿಚ್ಚಿಕೊಳ್ಳದೇ ಹೋಗಬಹುದು. ಟ್ರ್ಯಾಕರ್ ಭಾರವಾದಷ್ಟೂ ಕ್ಲಿಪ್ ಗಟ್ಟಿಯಾಗುತ್ತದೆ, ಕ್ಲಿಪ್ ಗಟ್ಟಿಯಾದಷ್ಟೂ ಸಣ್ಣ ಬೆಕ್ಕಿಗೆ ಅಪಾಯ. ಗ್ರಾಂ ಉಳಿಸುವುದು ಬರೀ ಸುಖದ ಮಾತಲ್ಲ ಅಂತ ನನಗೆ ಮನವರಿಕೆ ಆದದ್ದು ಇಲ್ಲಿ.

ಪಟ್ಟಿ ಬೆಕ್ಕಿಗೆ ಹಾಕುವ ಮೊದಲು ನಾನು ಮಾಡುವ ಒಂದು ಪರೀಕ್ಷೆ ಇದೆ. ಪಟ್ಟಿಯನ್ನು ಮುಚ್ಚಿ ಗೋಡೆಯ ಕೊಕ್ಕೆಗೆ ಸಿಕ್ಕಿಸುತ್ತೇನೆ. ಕೆಳಗೆ ದಾರದಲ್ಲಿ ಒಂದು ಬಾಟಲಿ ಕಟ್ಟಿ ನೀರು ತುಂಬಿಸುತ್ತಾ ಹೋಗುತ್ತೇನೆ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಸಿಕ್ಕಿಕೊಂಡ ಬೆಕ್ಕಿನ ಹಿಂಗಾಲು ನೆಲಕ್ಕೋ ಕೊಂಬೆಗೋ ತಾಗಿದ್ದರೆ ಅದರ ಪೂರ್ತಿ ಭಾರ ಪಟ್ಟಿಯ ಮೇಲೆ ಬೀಳೋದಿಲ್ಲ. ಆದ್ದರಿಂದ ಮೂರು ಕೆಜಿಯ ಕೆಂಚನ ಪಟ್ಟಿ ಒಂದೂವರೆ ಲೀಟರಿಗೆ ಬಿಚ್ಚಿಕೊಳ್ಳಲೇಬೇಕು. ಬಿಚ್ಚಿಕೊಳ್ಳದಿದ್ದರೆ ಆ ಪಟ್ಟಿ ಕಸಕ್ಕೆ. ಇಲಾಸ್ಟಿಕ್ ಪಟ್ಟಿ ಹಿಗ್ಗುತ್ತದಲ್ಲ, ಅದು ಸಾಲದಾ ಅಂತ ಕೇಳುವವರಿಗೆ: ಹಿಗ್ಗುವುದಕ್ಕೇ ಮುಂಗಾಲು ಸಲೀಸಾಗಿ ಒಳಗೆ ಹೋಗುವುದು.

ಪಟ್ಟಿ ಕಳಚಿ ಬಿದ್ದ ಮೇಲೂ ಒಳ್ಳೆಯ ಸಾಧನಕ್ಕೆ ಕೆಲಸ ಇದೆ. ಅದರೊಳಗೆ ಅಲುಗಾಟ ಗುರುತಿಸುವ ಅಕ್ಸೆಲೆರೊಮೀಟರ್ ಇರುತ್ತದೆ. ನಿದ್ದೆ ಮಾಡುವ ಬೆಕ್ಕೂ ಉಸಿರಾಡುತ್ತದೆ, ಕಿವಿ ಅಲ್ಲಾಡಿಸುತ್ತದೆ, ಹೊರಳುತ್ತದೆ. ಗಿಡದ ಬುಡದಲ್ಲಿ ಬಿದ್ದ ಪಟ್ಟಿ ಕಲ್ಲಿನಂತೆ ಇರುತ್ತದೆ. "ಬೆಕ್ಕು ಇಲ್ಲಿದೆ" ಅನ್ನುವ ಬದಲು "ನಾನು ಬಿದ್ದುಹೋಗಿದ್ದೇನೆ" ಅಂತ ಹೇಳುವುದು ಅಂಥ ಸಾಧನಕ್ಕೆ ಕಷ್ಟವೇನಲ್ಲ. ಹೇಳದಿದ್ದರೆ ನಾವು ರಾತ್ರಿಯೆಲ್ಲ ಪೊದೆಯ ಮುಂದೆ ನಿಂತು ಹೆಸರು ಹಿಡಿದು ಕರೆಯುತ್ತಿರುತ್ತೇವೆ.

ಆಕಾಶ ನೋಡಬೇಕಾದದ್ದು ನೆಲ ನೋಡುತ್ತದೆ

ಬೇಕರಿಯ ವಿಷಯಕ್ಕೆ ಬರುತ್ತೇನೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಹೊರಟ ಸಿಗ್ನಲ್ ನಮ್ಮ ಅಂಗಳ ತಲುಪುವಾಗ ಒಂದು ವ್ಯಾಟಿನ ನೂರು ಕೋಟಿ ಕೋಟಿಯಲ್ಲಿ ಒಂದು ಪಾಲಿನಷ್ಟು ಉಳಿದಿರುತ್ತದೆ. ಇಂಥ ಪಿಸುಮಾತು ಕೇಳಿಸಿಕೊಳ್ಳಬೇಕಾದರೆ ಆಂಟೆನಾ ಆಕಾಶಕ್ಕೆ ಮುಖ ಮಾಡಿರಬೇಕು.

ಆದರೆ ದುಂಡನೆಯ ಪಟ್ಟಿಗೆ ಭಾರದ ಡಬ್ಬಿ ಕಟ್ಟಿದರೆ ಅದು ಎಲ್ಲಿ ಹೋಗಿ ನಿಲ್ಲುತ್ತದೆ? ಗಂಟಲ ಕೆಳಗೆ. ಕೊರಳಸರದ ಪದಕ ಯಾವತ್ತೂ ಬೆನ್ನ ಕಡೆ ನಿಲ್ಲೋದಿಲ್ಲ, ಹಾಗೇ. ಆಗ ಆಂಟೆನಾ ನೆಲ ನೋಡುತ್ತದೆ. ಅದಕ್ಕೂ ಆಕಾಶಕ್ಕೂ ನಡುವೆ ಬೆಕ್ಕಿನ ಕೊರಳು, ತಲೆ. ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದರಿಂದ ಅದು ಈ ರೇಡಿಯೋ ತರಂಗಗಳನ್ನು ಹೀರಿಕೊಳ್ಳುತ್ತದೆ. ಮೈಗೆ ಒತ್ತಿಕೊಂಡ ಆಂಟೆನಾ ತನ್ನ ಶ್ರುತಿಯನ್ನೂ ತಪ್ಪುತ್ತದೆ.

ಹುಲಿಯಂಥ ದೊಡ್ಡ ಬೆಕ್ಕುಗಳಿಗೆ ಈ ತಾಪತ್ರಯ ಇಲ್ಲ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ಹೊತ್ತಿಗೆ ಹುಲಿಗಳಿಗೆ ರೇಡಿಯೋ ಕಾಲರ್ ಹಾಕಿ ಅವುಗಳ ಜಾಡು ಹಿಡಿದಿದ್ದರು. ಇನ್ನೂರು ಕೆಜಿಯ ಗಂಡು ಹುಲಿಗೆ ಶೇಕಡಾ 2 ಅಂದರೆ ನಾಲ್ಕು ಕೆಜಿ! ಅಷ್ಟೊಂದು ಜಾಗ ಇದ್ದರೆ ಏನು ಬೇಕಾದರೂ ಮಾಡಬಹುದು. ಈಗಿನ ಜಿಪಿಎಸ್ ಕಾಲರ್‌ಗಳಲ್ಲಿ ಭಾರದ ಬ್ಯಾಟರಿಯನ್ನು ಗಂಟಲ ಕೆಳಗೆ ಇಟ್ಟು, ಆಂಟೆನಾವನ್ನು ಹೆಕ್ಕತ್ತಿನ ಮೇಲೆ ಇಡುತ್ತಾರೆ. ಬ್ಯಾಟರಿಯೇ ಕೆಳಕ್ಕೆ ಎಳೆದು ಆಂಟೆನಾವನ್ನು ಮೇಲೆ ನಿಲ್ಲಿಸುತ್ತದೆ. ನಮ್ಮ ಮೂರು ಕೆಜಿಯ ಹುಲಿಗೆ ಆ ಜಾಗವೂ ಇಲ್ಲ, ಗ್ರಾಮೂ ಇಲ್ಲ.

ಅದಕ್ಕೆ ವಿನ್ಯಾಸಕಾರರು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಬಾಗುವ ಸರ್ಕ್ಯೂಟ್ ಹಾಳೆ ಬಳಸಿ ಎಲ್ಲವನ್ನೂ ಪಟ್ಟಿಯ ಉದ್ದಕ್ಕೆ ಹರಡುವುದು ಒಂದು. ಆಗ ಒಂದೇ ಕಡೆ ಗಡ್ಡೆ ಕಟ್ಟುವುದಿಲ್ಲ, ತೂಗಾಟವೂ ಕಡಿಮೆ. ಆಂಟೆನಾವನ್ನು ಡಬ್ಬಿಯ ಹೊರಮೈಗೆ ತಂದು, ಮೈ ಕಡೆಗೆ ಸ್ವಲ್ಪ ಅಂತರ ಬಿಡುವುದು ಇನ್ನೊಂದು. ಅಮೆರಿಕದ ಜಿಪಿಎಸ್ ಒಂದನ್ನೇ ನಂಬದೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದು ಉಪಗ್ರಹಗಳನ್ನೂ ಕೇಳಿಸಿಕೊಳ್ಳುವ ಚಿಪ್ ಹಾಕುವುದು ಮೂರನೆಯದು. ಆಕಾಶದ ಒಂದು ತುಂಡು ಮಾತ್ರ ಕಂಡರೂ ಅದರಲ್ಲಿ ನಾಲ್ಕು ಉಪಗ್ರಹ ಸಿಕ್ಕರೆ ಲೆಕ್ಕ ಕೂಡಿಬರುತ್ತದೆ. ನಮ್ಮ ದೇಶದ್ದೇ ಉಪಗ್ರಹ ವ್ಯವಸ್ಥೆ ನಾವಿಕ್ ಕೂಡ ಇದೆ. ಅದರ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿದೆ, ಉಪಗ್ರಹಗಳನ್ನು ನಿಯಂತ್ರಿಸುವುದು ಹಾಸನದಿಂದ. ಮೊದಮೊದಲು ನಾವಿಕ್ ಬಳಸುತ್ತಿದ್ದ ತರಂಗಾಂತರವನ್ನು ಸಣ್ಣ ಸಾಧನಗಳ ಅಗ್ಗದ ಚಿಪ್‌ಗಳು ಕೇಳಿಸಿಕೊಳ್ಳುತ್ತಿರಲಿಲ್ಲ. 2023ರ ಮೇ ತಿಂಗಳಲ್ಲಿ ಹಾರಿಸಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಅನ್ನುವ, ಎಲ್ಲರೂ ಬಳಸುವ ತರಂಗಾಂತರವೂ ಸೇರಿಕೊಂಡಿದೆ.

ಇಷ್ಟೆಲ್ಲ ಮಾಡಿದರೂ ಆರ್‌ಸಿಸಿ ಮನೆಯೊಳಗೆ, ಸೋಫಾ ಕೆಳಗೆ ಉಪಗ್ರಹ ಸಿಗೋದಿಲ್ಲ. ಸಿಕ್ಕ ಚೂರುಪಾರು ಸಿಗ್ನಲ್ ಎದುರು ಮನೆ ಗೋಡೆಗೆ ಬಡಿದು ಬಂದಿರುತ್ತದೆ. ಸುತ್ತುಬಳಸಿ ಬಂದದ್ದನ್ನು ದೂರದಿಂದ ಬಂದದ್ದು ಅಂತ ಚಿಪ್ ಲೆಕ್ಕ ಹಾಕುತ್ತದೆ. ಅದೂ ಇಲ್ಲದಿದ್ದರೆ ಹತ್ತಿರದ ಮೊಬೈಲ್ ಟವರ್, ಸುತ್ತಲಿನ ವೈಫೈ ನೋಡಿ ಅಂದಾಜು ಮಾಡುತ್ತದೆ. ಬೆಕ್ಕುಗಳು ಇಷ್ಟಪಡುವ ಜಾಗಗಳನ್ನೇ ಪಟ್ಟಿ ಮಾಡಿ ನೋಡಿ: ಕಾರಿನ ಅಡಿ, ಸಜ್ಜಾದ ಕೆಳಗೆ, ನೀರಿನ ಟ್ಯಾಂಕಿನ ಹಿಂದೆ, ಅಟ್ಟ. ಎಲ್ಲವೂ ಆಕಾಶ ಕಾಣದ ಜಾಗಗಳೇ. ಕೆಂಚ ಬೇಕರಿಗೆ ಹೋದದ್ದು ಹೀಗೆ.

ನಾನೂರು ಎಂಎಎಚ್‌ನ ಸಂಸಾರ

ಬ್ಯಾಟರಿ ಲೆಕ್ಕವನ್ನು ಕೈಯಲ್ಲೇ ಮಾಡಬಹುದು. ಈಗಿನ ಲಿಥಿಯಂ ಬ್ಯಾಟರಿಯಲ್ಲಿ ಒಂದು ಗ್ರಾಂಗೆ ಸುಮಾರು 50 ಎಂಎಎಚ್ (ಮಿಲಿಆ್ಯಂಪ್-ಗಂಟೆ) ಹಿಡಿಸುತ್ತದೆ ಅಂದುಕೊಳ್ಳಿ. 25 ಗ್ರಾಂನ ಸಾಧನದಲ್ಲಿ ಬ್ಯಾಟರಿಗೆ 8 ಗ್ರಾಂ ಕೊಟ್ಟರೆ 400 ಎಂಎಎಚ್. ಜಿಪಿಎಸ್ ಮತ್ತು ಮೋಡೆಮ್ ಸೇರಿ ಸರಾಸರಿ 40 ಮಿಲಿಆ್ಯಂಪ್ ಎಳೆದರೆ ಹತ್ತೇ ಗಂಟೆಯಲ್ಲಿ ಖಾಲಿ. ಅದೇ ಸಾಧನ ಹತ್ತು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಮಾತ್ರ ಎದ್ದರೆ ಖರ್ಚು ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. 200 ಗಂಟೆ, ಅಂದರೆ ಎಂಟು ದಿನ ಬರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ನೆಟ್‌ವರ್ಕ್ ಸರಿಯಿಲ್ಲದ ಮಲೆನಾಡಿನ ಕಡೆ ಮೋಡೆಮ್ ಟವರ್ ಹುಡುಕುತ್ತಲೇ ಬ್ಯಾಟರಿ ತಿಂದುಬಿಡುತ್ತದೆ.

ಆ ಅರ್ಧ ನಿಮಿಷ ಎಲ್ಲಿಂದ ಬಂತು? ಜಿಪಿಎಸ್ ಉಪಗ್ರಹ ತಾನು ಎಲ್ಲಿದ್ದೇನೆ ಅನ್ನೋದನ್ನು ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಹೇಳುತ್ತದೆ. ಒಂದು ಪೂರ್ತಿ ಸುತ್ತು 1,500 ಬಿಟ್. ಭಾಗಿಸಿದರೆ 30 ಸೆಕೆಂಡು. ಬೆಕ್ಕು ಆ 30 ಸೆಕೆಂಡಿನಲ್ಲಿ ಕಾರಿನಡಿಗೆ ಹೋದರೆ ಮತ್ತೆ ಮೊದಲಿಂದ. ಅದಕ್ಕೆ ಜಾಣ ಸಾಧನಗಳು ಈ ಮಾಹಿತಿಯನ್ನು ಮೊಬೈಲ್ ನೆಟ್‌ವರ್ಕಿನಿಂದ ಮೊದಲೇ ತರಿಸಿಟ್ಟುಕೊಳ್ಳುತ್ತವೆ. ಆಮೇಲೆ ಉಪಗ್ರಹವನ್ನು ಕೆಲವೇ ಸೆಕೆಂಡು ಕೇಳಿಸಿಕೊಂಡರೆ ಸಾಕು.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಕೊಡುವುದು ಬೆಕ್ಕೇ. ದಿನದ ಅರ್ಧಕ್ಕಿಂತ ಜಾಸ್ತಿ ಹೊತ್ತು ಅದು ಮಲಗಿರುತ್ತದೆ. ಅಕ್ಸೆಲೆರೊಮೀಟರ್ ತೀರಾ ಅಲ್ಪ ಕರೆಂಟಿನಲ್ಲಿ ಕಾವಲು ಕೂತು, ಬೆಕ್ಕು ಎದ್ದು ನಡೆದಾಗ ಮಾತ್ರ ಜಿಪಿಎಸ್ ಎಬ್ಬಿಸುತ್ತದೆ. ಮನೆಯ ವೈಫೈ ಕಂಡರೆ "ಮನೆಯಲ್ಲೇ ಇದ್ದಾನೆ" ಅಂತ ಮತ್ತೆ ಮಲಗುತ್ತದೆ. ಚಾರ್ಜ್ ಬಾಳಿಕೆ ಬೆಕ್ಕಿನ ನೆಮ್ಮದಿಯ ವಿಷಯವೂ ಹೌದು. ಎರಡು ದಿನಕ್ಕೊಮ್ಮೆ ಪಟ್ಟಿ ಬಿಚ್ಚಿ, ಮತ್ತೆ ಹಿಡಿದು ಹಾಕುವ ಸಾಹಸ ಯಾವ ಬೆಕ್ಕಿಗೂ ಇಷ್ಟ ಇಲ್ಲ, ನಿಮ್ಮ ಮುಂಗೈಗೂ ಒಳ್ಳೆಯದಲ್ಲ. ಪಟ್ಟಿ ಕೊರಳಲ್ಲೇ ಇದ್ದು, ಡಬ್ಬಿ ಮಾತ್ರ ಕಳಚಿ ಬರುವ ಮಾದರಿಯೇ ಮೇಲು.

ನಮಗೆ ಕೇಳದ ಸದ್ದು

ನಮ್ಮ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ಬೆಕ್ಕಿಗೆ ಸುಮಾರು 85 ಕಿಲೋಹರ್ಟ್ಸ್‌ವರೆಗೆ. ಇಲಿಮರಿಗಳ ಸಣ್ಣ ಚೀರಾಟ ಕೇಳಿಸಿಕೊಳ್ಳಲು ಬಂದ ಕಿವಿ ಅದು. ಟ್ರ್ಯಾಕರ್ ಒಳಗೆ ಬ್ಯಾಟರಿಯ ವೋಲ್ಟೇಜ್ ಏರಿಸುವ, ಇಳಿಸುವ ಪುಟ್ಟ ಸರ್ಕ್ಯೂಟ್ ಇರುತ್ತದೆ. ಅದು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತದೆ. ಆಗ ಕಾಯಿಲ್, ಸೆರಾಮಿಕ್ ಕೆಪಾಸಿಟರ್‌ಗಳು ಸಣ್ಣಗೆ ಕಂಪಿಸುತ್ತವೆ. ಕಂಪನ 50 ಕಿಲೋಹರ್ಟ್ಸ್ ಇದ್ದರೆ ಎಂಜಿನಿಯರ್‌ಗೆ ಪೂರ್ತಿ ನಿಶ್ಶಬ್ದ. ಬೆಕ್ಕಿಗೆ ಕಿವಿಯ ಕೆಳಗೇ ಗುಂಯ್ ಅನ್ನುವ ಸೊಳ್ಳೆ. ಆ ವೇಗವನ್ನು ನೂರು ಕಿಲೋಹರ್ಟ್ಸ್‌ಗಿಂತ ಬಹಳ ಮೇಲೆ ಇಟ್ಟರೆ ಈ ಕಾಟ ತಪ್ಪುತ್ತದೆ. ಆದರೆ ಕರೆಂಟ್ ಉಳಿಸಲು ಸರ್ಕ್ಯೂಟ್ ವೇಗ ಇಳಿಸುವ ಹೊತ್ತಿನಲ್ಲೂ ಅದನ್ನು ಅಳೆದು ನೋಡಬೇಕು. ಮನುಷ್ಯರ ಕಿವಿಗೆ ಹಿಡಿದು ನೋಡಿ "ಸದ್ದಿಲ್ಲ" ಅಂದರೆ ಪ್ರಯೋಜನ ಇಲ್ಲ.

ಬೇಕೆಂದೇ ಮಾಡುವ ಸದ್ದು ಇನ್ನೊಂದು. ಬಹಳ ಜನ ಆ್ಯಪಲ್‌ನ ಏರ್‌ಟ್ಯಾಗ್ ಅನ್ನುವ, ಕಳೆದ ವಸ್ತು ಹುಡುಕುವ ಬಿಲ್ಲೆಯನ್ನು ಬೆಕ್ಕಿಗೆ ಕಟ್ಟುತ್ತಾರೆ. ಹನ್ನೊಂದು-ಹನ್ನೆರಡು ಗ್ರಾಂ, ಸುಮಾರು 32 ಮಿಲಿಮೀಟರ್ ಅಗಲ, ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅದು ಬೀಗದ ಕೈ, ಬ್ಯಾಗಿನಂಥ ವಸ್ತುಗಳಿಗೆ ಮಾಡಿದ್ದು ಅಂತ ಕಂಪನಿಯೇ ಹೇಳಿದೆ. ಯಾರಾದರೂ ಕದ್ದುಮುಚ್ಚಿ ಇನ್ನೊಬ್ಬರ ಬ್ಯಾಗಿಗೆ ಹಾಕಬಾರದು ಅಂತ, ಒಡೆಯರ ಫೋನಿನಿಂದ 8ರಿಂದ 24 ಗಂಟೆ ದೂರವಾದರೆ ಅದು ತಾನಾಗಿ ಕೂಗುವಂತೆ ಮಾಡಿದ್ದಾರೆ. ಜನರಿಗೆ ಅದು ಒಳ್ಳೆಯದೇ. ನೀವು ಎರಡು ದಿನ ಮದುವೆಗೆಂದು ಊರಿಗೆ ಹೋದರೆ ಕೂಗುವುದು ಬೆಕ್ಕಿನ ಕೊರಳು!

ಅಷ್ಟಕ್ಕೂ ಎಷ್ಟು ದೂರ?

1960ರ ದಶಕದಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಬೆಕ್ಕಿನ ಕಿವಿಯಲ್ಲಿ ಮೈಕ್ ಅಡಗಿಸಿ, ಮೈಯೊಳಗೆ ಆಂಟೆನಾ ತೂರಿಸಿ ಗೂಢಚಾರಿಕೆ ಮಾಡಿಸಲು ಹೊರಟಿತ್ತು. 1967ರಲ್ಲಿ ಅದನ್ನು ಕೈಬಿಟ್ಟರು. ಬೆಕ್ಕು ಹೇಳಿದ ಕಡೆ ಹೋಗಲಿಲ್ಲ ಅನ್ನೋದನ್ನು ಕಂಡುಹಿಡಿಯಲು ಅಷ್ಟು ವರ್ಷ ಬೇಕಿತ್ತಾ?

ಬೆಕ್ಕು ತನ್ನಷ್ಟಕ್ಕೆ ಎಲ್ಲಿ ಹೋಗುತ್ತದೆ ಅನ್ನೋದಕ್ಕೆ ಒಳ್ಳೆಯ ಉತ್ತರ 2020ರಲ್ಲಿ ಬಂತು. ಪ್ರಾಣಿವಿಜ್ಞಾನಿ ರೋಲಂಡ್ ಕೇಸ್ ಮತ್ತು ಸಂಗಡಿಗರು ಆರು ದೇಶಗಳ 925 ಸಾಕುಬೆಕ್ಕುಗಳಿಗೆ ಜಿಪಿಎಸ್ ಹಾಕಿ ನೋಡಿದ್ದರು. ಸರಾಸರಿ ಸುತ್ತಾಟ 3.6 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಒಂಬತ್ತು ಎಕರೆಗೆ ಸ್ವಲ್ಪ ಕಮ್ಮಿ. ಕಳೆದುಹೋದ ಬೆಕ್ಕುಗಳ ಬಗ್ಗೆ 2018ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಸಿಕ್ಕಿದ ಬೆಕ್ಕುಗಳಲ್ಲಿ ನಾಲ್ಕರಲ್ಲಿ ಮೂರು ಮನೆಯಿಂದ 500 ಮೀಟರ್ ಒಳಗೇ ಇದ್ದವು. ಅರ್ಧದಷ್ಟು ಸಿಕ್ಕಿದ್ದು 50 ಮೀಟರ್ ಆಸುಪಾಸಿನಲ್ಲಿ.

ಈ 50 ಮೀಟರ್ ಅನ್ನೋದು ನನ್ನ ಕಣ್ಣು ತೆರೆಸಿದ ಅಂಕಿ. ಬಯಲಲ್ಲಿ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ. ಒತ್ತೊತ್ತಾಗಿ ಮನೆಗಳಿರುವ ಓಣಿಯಲ್ಲಿ ಅದು ಸುಲಭವಾಗಿ ಮೂರು ಮನೆ ಆಚೆಗೆ ತಪ್ಪುತ್ತದೆ. ಬೆಕ್ಕು ಯಾವುದೋ ಮನೆಯ ಗ್ಯಾರೇಜಿನಲ್ಲಿ ಸಿಕ್ಕಿಕೊಂಡಿದ್ದರೆ 20,200 ಕಿಲೋಮೀಟರ್ ದೂರದ ಉಪಗ್ರಹಕ್ಕಿಂತ, ಕೈಯಲ್ಲಿ ಹಿಡಿದ ಸಣ್ಣ ರೇಡಿಯೋ ಜಾಸ್ತಿ ಕೆಲಸಕ್ಕೆ ಬರುತ್ತದೆ. ಕೆಲವೇ ಗ್ರಾಂನ ರೇಡಿಯೋ ಬಿಲ್ಲೆಗಳು ಇವೆ. ಕೈಯಲ್ಲಿನ ರಿಸೀವರ್ ಹಿಡಿದು ತಿರುಗಿದರೆ ಹತ್ತಿರವಾದಂತೆ ದೀಪ ಜಾಸ್ತಿ ಹೊತ್ತುತ್ತವೆ, ಸದ್ದು ಜೋರಾಗುತ್ತದೆ. ಬಯಲಲ್ಲಿ ನೂರು ಮೀಟರ್ ಚಿಲ್ಲರೆ ದೂರ ಸಿಗುತ್ತದೆ. ಉಪಗ್ರಹ ಬೇಡ, ಸಿಮ್ ಬೇಡ, ತಿಂಗಳ ಬಾಡಿಗೆ ಬೇಡ. ಸೈಟು ಮನೆಗಳ ಬಡಾವಣೆಯಲ್ಲಿ ಇರುವವರಿಗೆ, ಮನೆ ಸುತ್ತಲೇ ಇರುವ ಬೆಕ್ಕಿಗೆ ನಾನು ಇದನ್ನೇ ಹೇಳುತ್ತೇನೆ. ಎಸ್ಟೇಟ್, ತೋಟದ ಮನೆ, ಮೂರು ದಿನಕ್ಕೊಮ್ಮೆ ಮನೆಗೆ ಬರುವ ಗಂಡು ಬೆಕ್ಕು ಆದರೆ ಜಿಪಿಎಸ್ ಬೇಕು. ಅಲ್ಲಿ ಏರ್‌ಟ್ಯಾಗ್ ಉಪಯೋಗಕ್ಕೆ ಬರೋದಿಲ್ಲ. ಪಕ್ಕದಲ್ಲಿ ಯಾರದ್ದಾದರೂ ಐಫೋನಿನಂಥ ಆ್ಯಪಲ್ ಸಾಧನ ಹಾದುಹೋದರೆ ಮಾತ್ರ ಅದು ತಾನಿರುವ ಜಾಗ ತಿಳಿಸುವುದು. ಕಾಫಿ ತೋಟದಲ್ಲಿ ರಾತ್ರಿ ಹೊತ್ತು ಯಾರು ಹಾದುಹೋಗುತ್ತಾರೆ? ನಾಣ್ಯದಂಥ ಬ್ಯಾಟರಿ ಇರುವ ಯಾವ ಬಿಲ್ಲೆಯಾದರೂ ಮುಚ್ಚಳ ಬಿಗಿಯಾಗಿರಬೇಕು, ಬೆಕ್ಕು ಕಚ್ಚಿ ನುಂಗಿದರೆ ಅನ್ನನಾಳ ಸುಟ್ಟುಹೋಗುತ್ತದೆ.

"ನಮ್ಮ ಬೆಕ್ಕಿಗೆ ಡಾಕ್ಟರ ಹತ್ತಿರ ಚಿಪ್ ಹಾಕಿಸಿದ್ದೇವಲ್ಲ" ಅನ್ನುವವರೂ ಇದ್ದಾರೆ. ಚರ್ಮದಡಿಯ ಆ ಅಕ್ಕಿಕಾಳಿನಂಥ ಚಿಪ್‌ನಲ್ಲಿ ಬ್ಯಾಟರಿಯೇ ಇಲ್ಲ. ಸ್ಕ್ಯಾನರ್ ಹತ್ತಿರ ತಂದಾಗ 15 ಅಂಕಿಯ ಒಂದು ನಂಬರ್ ಹೇಳುತ್ತದೆ, ಅಷ್ಟೇ. ಸಿಕ್ಕ ಬೆಕ್ಕು ಯಾರದ್ದು ಅಂತ ಹೇಳುತ್ತದೆ, ಎಲ್ಲಿದೆ ಅಂತ ಹೇಳೋದಿಲ್ಲ.

ನಾಲಿಗೆ, ಮಳೆ, ಮತ್ತು ನಾಣ್ಯ

ಬೆಕ್ಕಿನ ನಾಲಿಗೆ ಮರಳು ಕಾಗದ ಇದ್ದಂತೆ. ಅದರ ಮುಳ್ಳುಗಳ ತುದಿ ಟೊಳ್ಳಾಗಿದ್ದು ಎಂಜಲನ್ನು ಕೂದಲ ಬುಡದವರೆಗೆ ಒಯ್ಯುತ್ತವೆ ಅಂತ 2018ರಲ್ಲಿ ಜಾರ್ಜಿಯಾ ಟೆಕ್‌ನ ಸಂಶೋಧಕರು ತೋರಿಸಿದ್ದಾರೆ. ಮೆತ್ತನೆಯ ಬಣ್ಣ, ರಬ್ಬರ್ ಲೇಪ ಏನಿದ್ದರೂ ಕೊನೆಗೆ ಹೊಟ್ಟೆಗೆ ಹೋಗುತ್ತದೆ. ಲೇಪ ಇಲ್ಲದ, ಒಂದೇ ತುಂಡಿನ ಗಟ್ಟಿ ಪ್ಲಾಸ್ಟಿಕ್ ಒಳ್ಳೆಯದು. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಡಬ್ಬಿ ನೀರು ತಡೆದರೂ ನೈಲಾನ್ ಪಟ್ಟಿ ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಒಳಗೆ ಚರ್ಮ ಕೆಂಪಾಗುತ್ತದೆ. ವಾರಕ್ಕೊಮ್ಮೆ ಕೂದಲು ಸರಿಸಿ ನೋಡಬೇಕು.

ಕೆಂಚನಿಗೆ ಎರಡನೇ ಸಲ ನಾವು ನಿಧಾನಕ್ಕೆ ಹೋದೆವು. ಮೊದಲು ಬರೀ ಪಟ್ಟಿ, ಊಟದ ಹೊತ್ತಿಗೆ ಐದು ನಿಮಿಷ. ಆಮೇಲೆ ಅರ್ಧ ಗಂಟೆ. ಒಂದು ವಾರ ಕಳೆದ ಮೇಲೆ ಹಳೆ ಸೀರೆಯ ತುಂಡಿನಲ್ಲಿ ಹತ್ತು ರೂಪಾಯಿಯ ಒಂದು ನಾಣ್ಯ ಇಟ್ಟು ಪಟ್ಟಿಗೆ ಹೊಲಿದೆವು. ಮೂರು ದಿನ ಬಿಟ್ಟು ಎರಡನೆಯದು. ಹಿಂದಕ್ಕೆ ನಡೆಯುವುದು, ಕೆರೆದುಕೊಳ್ಳುವುದು ಕಂಡರೆ ಒಂದು ನಾಣ್ಯ ಹಿಂದಕ್ಕೆ. ಮೂರನೇ ನಾಣ್ಯ ಸೇರಿಸಿದ ದಿನವೂ ಅವನು ಎಂದಿನಂತೆ ಹಾಲಿನವನ ಸ್ಕೂಟರ್ ಸೀಟಿನ ಮೇಲೆ ಹಾರಿ ಕೂತ. ಇನ್ನು ಟ್ರ್ಯಾಕರ್ ತರಿಸಬಹುದು ಅಂತ ಮನೆಯಲ್ಲಿ ಮಾತಾಯಿತು.

ಅದು ಬರುವ ಮುಂಚೆಯೇ ಒಂದು ಬೆಳಿಗ್ಗೆ ಕೆಂಚ ಬರಿಗೊರಳಲ್ಲಿ ಮನೆಗೆ ಬಂದ. ಮೂರು ದಿನದ ಮೇಲೆ ಪಟ್ಟಿ ಪಕ್ಕದ ಮನೆಯ ನುಗ್ಗೆ ಮರದಲ್ಲಿ, ಆಳೆತ್ತರದ ಕೊಂಬೆಯಲ್ಲಿ ಸಿಕ್ಕಿತು. ಕ್ಲಿಪ್ ಬಿಚ್ಚಿಕೊಂಡಿತ್ತು. ಮೂವತ್ತು ರೂಪಾಯಿ ಹಾಗೇ ಇತ್ತು.